ಕಟ್ಟಿಗೆ ಸಾಮಾನು ಸೀಳಿದರೆ, ಬಾಗಿದರೆ, ಅಂಟಂಟಾದರೆ: ಮನೆಯಲ್ಲೇ ದೋಷ ಹುಡುಕುವ ಕೈಪಿಡಿ

ಮನೆಯಲ್ಲಿ ಮಾಡಿದ ಸಣ್ಣ ಕಟ್ಟಿಗೆ ಸಾಮಾನು ಕೆಟ್ಟರೆ ಕೈ ಮೊದಲು ಹೋಗುವುದು ಫೆವಿಕಾಲ್ ಡಬ್ಬಿಗೆ. ಸೀಳಿದ ಕಡೆ ಅಂಟು ತುಂಬುತ್ತಾರೆ, ಬಾಗಿದ ಮಣೆಯ ಮೇಲೆ ಕಲ್ಲು ಹೇರುತ್ತಾರೆ, ಬಿಗಿಯಾದ ಮುಚ್ಚಳವನ್ನು ಉಜ್ಜಿ ಸವೆಸುತ್ತಾರೆ. ತಿಂಗಳು ಕಳೆಯುವುದರೊಳಗೆ ಅಂಟಿಸಿದ ಜಾಗದ ಪಕ್ಕದಲ್ಲೇ ಇನ್ನೊಂದು ಸೀಳು, ಸವೆಸಿದ ಮುಚ್ಚಳ ಈಗ ಗಡಗಡ. ಕೆಟ್ಟದ್ದನ್ನು ಸರಿಮಾಡಿದ್ದಾಯಿತು, ಕೆಡಿಸಿದ್ದು ಮಾತ್ರ ಹಾಗೇ ಉಳಿಯಿತು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಕೆಡಿಸುವುದು ಬಹುಪಾಲು ಗಾಳಿಯೇ. ಖಾನಾಪುರದ ಕಡೆ ಆಷಾಢ–ಶ್ರಾವಣದಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಲ್ಲಿಂದ ಸುಮಾರು ಇನ್ನೂರು ಕಿಲೋಮೀಟರ್ ಆಚೆ, ವಿಜಯಪುರದಲ್ಲಿ ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಹಪ್ಪಳ ಒಂದೇ ದಿನದಲ್ಲಿ ಗರಿಗರಿ. ಬೆಳಗಾವಿಯ ಕಟ್ಟಿಗೆ ವಖಾರಿಯಲ್ಲಿ ಕೊಂಡ ಸಾಗವಾನಿ ತುಂಡು ವಿಜಯಪುರದ ಪತ್ರಾಸಿನ (ತಗಡಿನ) ಶೆಡ್ಡಿಗೆ ಬಂದರೆ, ಅದಕ್ಕೆ ಒಂದು ಊರಿನಿಂದ ಇನ್ನೊಂದು ಊರಿಗಲ್ಲ, ಒಂದು ಋತುವಿನಿಂದ ಇನ್ನೊಂದು ಋತುವಿಗೆ ಹೋದ ಹಾಗೆ.

ಆದ್ದರಿಂದ ಕೆಟ್ಟ ಸಾಮಾನನ್ನು ಕೈಗೆತ್ತಿಕೊಂಡಾಗ ಮೊದಲು ಮೂರು ಪ್ರಶ್ನೆ ಕೇಳಿ. ಕಟ್ಟಿಗೆ ಎಲ್ಲಿ, ಯಾವ ತಿಂಗಳಲ್ಲಿ ಕೊಂಡದ್ದು? ಕೆಲಸ ನಡೆದದ್ದು ಯಾವ ತಿಂಗಳಲ್ಲಿ? ದೋಷ ಕಣ್ಣಿಗೆ ಬಿದ್ದದ್ದು ಯಾವಾಗ, ಎಲ್ಲಿ? ಮಾಡಿದ ಎರಡು ದಿನದೊಳಗೆ ಕಂಡ ದೋಷ ಸಾಮಾನ್ಯವಾಗಿ ಆಯುಧದ್ದು ಅಥವಾ ಅಂಟಿನದ್ದು. ಎರಡು ವಾರದಿಂದ ಎರಡು ತಿಂಗಳೊಳಗೆ ಕಂಡದ್ದು ತೇವದ್ದು. ಕಾರಹುಣ್ಣಿಮೆ ದಾಟಿದ ಮೇಲೆ ಬಂದು ದೀಪಾವಳಿ ಹೊತ್ತಿಗೆ ತಾನೇ ಹೋಗುವ ದೋಷವಿದ್ದರೆ ಅದಕ್ಕೆ ಉಳಿ ಮುಟ್ಟಿಸಲೇಬೇಡಿ. ಅಳತೆ ಬಿಡುವಾಗ ಆದ ತಪ್ಪು ಅದು, ಮುಂದಿನ ಸಾಮಾನಿನಲ್ಲಿ ತಿದ್ದಿಕೊಳ್ಳಬೇಕು.

ತೇವ ಎಷ್ಟಿದೆ?

ಹಸಿ ಮರದ ಎಳೆಗಳಲ್ಲಿ ನೀರು ಎರಡು ಬಗೆ: ಟೊಳ್ಳುಗಳಲ್ಲಿ ತುಂಬಿದ ನೀರು, ಗೋಡೆಗಳೇ ಹೀರಿಕೊಂಡ ನೀರು. ಟೊಳ್ಳಿನ ನೀರು ಹೋಗುವಾಗ ಕಟ್ಟಿಗೆ ಹಗುರಾಗುತ್ತದೆ, ಕುಗ್ಗುವುದಿಲ್ಲ. ತೇವ ಸುಮಾರು 28–30 ಶೇಕಡಾಕ್ಕೆ ಇಳಿದ ಮೇಲೆ ಗೋಡೆಯ ನೀರು ಬಿಡತೊಡಗುತ್ತದೆ. ಕುಗ್ಗುವುದು, ಸೀಳುವುದು, ಬಾಗುವುದು ಶುರುವಾಗುವುದು ಅಲ್ಲಿಂದ. ಹಸಿ ಕಟ್ಟಿಗೆ ಮೊದಲ ಕೆಲವು ದಿನ ಏನೂ ಆಗದಂತೆ ಕಂಡು, ಆಮೇಲೆ ಒಮ್ಮೆಲೇ ಸೀಳುವುದು ಇದರಿಂದಲೇ.

ಎಷ್ಟು ದಿನ ಬಿಟ್ಟರೂ ಕಟ್ಟಿಗೆ ಪೂರ್ತಿ ಒಣಗುವುದಿಲ್ಲ. ಸುತ್ತಲಿನ ಗಾಳಿಗೆ ಹೊಂದಿಕೊಂಡು ನಿಲ್ಲುತ್ತದೆ. ಗಾಳಿಯ ಆರ್ದ್ರತೆ 80 ಶೇಕಡಾ ಇದ್ದರೆ ಕಟ್ಟಿಗೆಯ ತೇವ ಸುಮಾರು 16 ಶೇಕಡಾದಲ್ಲಿ ನಿಲ್ಲುತ್ತದೆ. ಆರ್ದ್ರತೆ 65 ಆದರೆ 12ರಲ್ಲಿ, 50 ಆದರೆ 9ರಲ್ಲಿ, 30 ಆದರೆ 6ರಲ್ಲಿ. ಅಂದರೆ ಬೆಳಗಾವಿಯ ಜುಲೈಗೂ ವಿಜಯಪುರದ ಏಪ್ರಿಲ್‌ಗೂ ನಡುವೆ ಹತ್ತು ಅಂಕದ ಅಂತರ ಸುಲಭವಾಗಿ ಬೀಳುತ್ತದೆ. ಚೆನ್ನಾಗಿ ಒಣಗಿದ್ದೆಂದು ವಖಾರಿಯವರು ಹೇಳಿದ್ದು ಸುಳ್ಳಲ್ಲ. ಅದು ಅವರ ವಖಾರಿಯ ಗಾಳಿಗೆ ಒಣಗಿದ ಕಟ್ಟಿಗೆ.

ತೇವ ಅಳೆಯುವ ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಹಲಗೆಯ ತುದಿಯಿಂದ ಒಂದು ಗೇಣು ಒಳಗೆ ಬಂದು, ಒಂದಂಗುಲ ದಪ್ಪದ ಅಡ್ಡ ತುಂಡು ಕೊಯ್ಯಿರಿ. ತುದಿಯದೇ ತುಂಡು ಬೇಡ, ಅದು ಯಾವಾಗಲೂ ಹೆಚ್ಚು ಒಣಗಿರುತ್ತದೆ. ಕೊಯ್ದ ತಕ್ಷಣ 0.1 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕವನ್ನು ತುಂಡಿನ ಮೇಲೇ ಪೆನ್ಸಿಲಿನಿಂದ ಬರೆಯಿರಿ. ಕೇಕ್ ಬೇಯಿಸುವ ಓವನ್ನಿನಲ್ಲಿ 100ರಿಂದ 105 ಡಿಗ್ರಿ ಶಾಖದಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಗಂಟೆ ಗಂಟೆಗೆ ತೂಗುತ್ತಿರಿ. ಓವನ್ನಿನ ಗುಂಡಿ ತೋರಿಸುವ ಶಾಖವನ್ನು ನಂಬದೆ ಒಳಗೆ ಒಂದು ಥರ್ಮಾಮೀಟರ್ ಇಡಿ. ಮೊದಲಿನ ತೂಕ 46 ಗ್ರಾಂ, ಕೊನೆಯದು 40 ಗ್ರಾಂ ಬಂತೆನ್ನಿ. ಹೋದ ನೀರು 6 ಗ್ರಾಂ. ಅದನ್ನು ಒಣಗಿದ ತೂಕ 40ರಿಂದ ಭಾಗಿಸಿದರೆ 15 ಶೇಕಡಾ. ಹಸಿ ತೂಕದಿಂದ ಭಾಗಿಸುವ ತಪ್ಪು ಬಹಳ ಸಾಮಾನ್ಯ.

ಓವನ್ ಇಲ್ಲದವರಿಗೆ ಇನ್ನೂ ಸರಳ ದಾರಿಯಿದೆ. ಹಲಗೆಯನ್ನೇ ವಾರಕ್ಕೊಮ್ಮೆ ತೂಗಿ, ತಾರೀಖಿನ ಜೊತೆ ಅದರ ಮೇಲೇ ಬರೆಯುತ್ತ ಹೋಗಿ. ಎರಡು ವಾರ ತೂಕ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಬದಲಾದರೆ ಅದು ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿದೆ. ಹೊಂದಿಕೊಳ್ಳಲು ಇಡುವ ಜಾಗ ಶೆಡ್ ಆಗಬಾರದು. ಹಗಲು ಕಾದು ರಾತ್ರಿ ಆರುವ ಪತ್ರಾಸಿನ ಕೆಳಗೆ ಹಲಗೆಯ ಮೇಲ್ಮೈ ಬೇಗ ಒಣಗಿ, ಒಳಗು ಹಸಿಯಾಗೇ ಉಳಿಯುತ್ತದೆ. ಹಳೆಯ ಮಾಳಿಗೆ ಮನೆಯ ಒಳಕೋಣೆಯಂಥ ಜಾಗ ಇನ್ನೊಂದಿಲ್ಲ: ತಂಪು, ಕತ್ತಲು, ಗಾಳಿ ನಿಧಾನ. ಹಲಗೆಗಳ ನಡುವೆ ಒಂದೇ ದಪ್ಪದ ಪಟ್ಟಿ ಕೊಟ್ಟು, ಫರಸಿ ಕಲ್ಲಿನಿಂದ ನಾಲ್ಕು ಬೆರಳು ಎತ್ತರಿಸಿ ಇಡಿ.

ಸೀಳು ಎಲ್ಲಿಂದ ಶುರುವಾಗಿದೆ?

ಸೀಳಿಗೆ ಹುಟ್ಟುವ ಜಾಗವಿದೆ, ಸಾಯುವ ಜಾಗವಿದೆ. ಅಗಲವಾಗಿರುವ ಕಡೆ ಹುಟ್ಟಿದ್ದು, ಕೂದಲಿನಷ್ಟು ಸಣ್ಣದಾದ ಕಡೆ ನಿಂತದ್ದು. ಹುಟ್ಟಿದ ಜಾಗ ಗೊತ್ತಾದರೆ ಕಾರಣ ಅಲ್ಲೇ ಇರುತ್ತದೆ.

ಹಲಗೆಯ ಕೊಯ್ದ ತುದಿಯಿಂದ ಒಳಗೆ ಹೊರಟ ಸೀಳು ಬೇಗ ಒಣಗಿದ್ದರ ಗುರುತು. ಕೊಯ್ದ ತುದಿಯಲ್ಲಿ ಎಳೆಗಳ ಬಾಯಿ ತೆರೆದಿರುತ್ತವೆ, ಪಕ್ಕದ ಮೈಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ನೀರು ಅಲ್ಲಿಂದ ಹೋಗುತ್ತದೆ. ತುದಿ ಕುಗ್ಗಲು ನೋಡುತ್ತದೆ, ಒಳಗಿನ ಹಸಿ ಭಾಗ ಬಿಡುವುದಿಲ್ಲ, ಕೊನೆಗೆ ತುದಿ ಹರಿಯುತ್ತದೆ. ಇದಕ್ಕೆ ಅಂಟು ತುಂಬಿ ಉಪಯೋಗವಿಲ್ಲ. ಕಣ್ಣಿಗೆ ಕಾಣುವ ಸೀಳಿನ ತುದಿಯಿಂದ ಇನ್ನೆರಡು ಬೆರಳು ಮುಂದಕ್ಕೆ ಕೊಯ್ದು ಬಿಸಾಡಿ. ಮುಂದೆ ಹಸಿ ತುಂಡು ತಂದ ದಿನವೇ ಎರಡೂ ತುದಿಗೆ ಕರಗಿಸಿದ ಮೇಣವನ್ನೋ ಹಳೆಯ ಆಯಿಲ್ ಪೇಂಟನ್ನೋ ದಪ್ಪಗೆ ಬಳಿಯಿರಿ. ಮರುದಿನ ಬಳಿದರೆ ತಡವಾಯಿತು.

ಕೊಂಬೆಯನ್ನು ಅಡ್ಡ ಕೊಯ್ದು ಮಾಡುವ ಬಿಲ್ಲೆಗಳು, ಅಂದರೆ ಚಹಾದ ಕಪ್ಪಿನ ಕೆಳಗೆ ಇಡುವಂಥವು, ಬೇರೆ ಜಾತಿ. ಅವು ನಡುವಿನಿಂದ ತೊಗಟೆಗೆ ಬಾಯ್ದೆರೆದು, ತುಂಡು ಕತ್ತರಿಸಿ ತಿಂದ ಹೋಳಿಗೆಯ ಹಾಗೆ ಕಾಣುತ್ತವೆ. ಮರ ಉಂಗುರದ ಗುಂಟ ಕುಗ್ಗುವುದು ಹೆಚ್ಚು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದು ಅದರ ಸುಮಾರು ಅರ್ಧ. ಸುತ್ತಳತೆ ಹೆಚ್ಚು ಕುಗ್ಗಿ ಅಡ್ಡಳತೆ ಕಡಿಮೆ ಕುಗ್ಗಿದರೆ ದುಂಡು ಒಡೆಯಲೇಬೇಕು. ನಿಧಾನ ಒಣಗಿಸಿದರೆ ಕೆಲವು ಉಳಿಯುತ್ತವೆ, ಎಲ್ಲವೂ ಉಳಿಯುತ್ತವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಖಾತ್ರಿಯ ಉಪಾಯ: ಹಸಿಯಿರುವಾಗಲೇ ತಿರುಳಿನವರೆಗೆ ಒಂದು ಗರಗಸದ ಕೊಯ್ತ ಕೊಡಿ. ಒಣಗಿದ ಮೇಲೆ ಅದು ಬೆಣೆಯಾಕಾರಕ್ಕೆ ತೆರೆದಿರುತ್ತದೆ. ಅದೇ ಆಕಾರದ ಬೇರೆ ಬಣ್ಣದ ಕಟ್ಟಿಗೆಯನ್ನು ಕೂರಿಸಿದರೆ ದೋಷವೇ ಅಲಂಕಾರ. ಇನ್ನುಳಿದ ಯಾವ ಸಾಮಾನಿಗೂ ತಿರುಳು ಸೇರದಂತೆ ಕೊಯ್ಯಿರಿ. ಸೌಟಿನಲ್ಲಿ ತಿರುಳಿನ ಕಪ್ಪು ಚುಕ್ಕೆ ಕಂಡರೆ ಅದು ಇಂದಲ್ಲ ನಾಳೆ ಸೀಳುತ್ತದೆ.

ಚಪಾತಿ ಮಣೆ, ಶಾವಿಗೆ ಮಣೆಗಳಲ್ಲಿ ಸೀಳು ಹುಟ್ಟುವುದು ನಡುವಿನಲ್ಲಿ, ಎಳೆಯ ಗುಂಟ. ಮಣೆ ತಿರುವಿ ನೋಡಿದರೆ ಕೆಳಗೆ ಎರಡು ಅಡ್ಡ ಪಟ್ಟಿ ಇದ್ದೇ ಇರುತ್ತವೆ, ಉದ್ದಕ್ಕೂ ಅಂಟು, ಮೇಲಿಂದ ಮೊಳೆ. ಪಟ್ಟಿ ತನ್ನ ಉದ್ದಕ್ಕೆ ಕುಗ್ಗುವುದಿಲ್ಲ, ಮಣೆ ತನ್ನ ಅಗಲಕ್ಕೆ ಕುಗ್ಗುತ್ತದೆ, ಹಿಡಿದಿಟ್ಟದ್ದು ಹರಿಯುತ್ತದೆ. ಒಂದು ಅಡಿ ಅಗಲದ ಸಾಗವಾನಿ ಮಣೆ, ಉಂಗುರಗಳು ಮೇಲ್ಮೈಗೆ ಸಮಾನವಾಗಿ ಮಲಗಿರುವಂಥದ್ದು, ತೇವ 16ರಿಂದ 6ಕ್ಕೆ ಇಳಿದರೆ ಐದೂವರೆ ಮಿಲಿಮೀಟರ್‌ನಷ್ಟು ಕುಗ್ಗುತ್ತದೆ. ಸರಿಮಾಡುವುದು ಹೀಗೆ: ಪಟ್ಟಿಗಳನ್ನು ಕಿತ್ತು ಹಾಕಿ, ಸೀಳಿನ ಗುಂಟ ಮಣೆಯನ್ನು ಪೂರ್ತಿ ಎರಡು ಮಾಡಿ, ಅಂಚುಗಳಿಗೆ ಕಟ್ಟಿಗೆ ಕೀಸುವ ರಂದಾ ಹೊಡೆದು ಮತ್ತೆ ಅಂಟಿಸಿ. ಹೊಸ ಪಟ್ಟಿಗೆ ಅಂಟು ಬೇಡ, ಸ್ಕ್ರೂ ಮಾತ್ರ. ಪಟ್ಟಿಯ ನಡುವಿನ ತೂತು ಸ್ಕ್ರೂಗೆ ಸರಿಯಾಗಿರಲಿ. ಎರಡು ಕೊನೆಯ ತೂತುಗಳನ್ನು ಪಟ್ಟಿಯ ಉದ್ದಕ್ಕೆ ಮೂರು ನಾಲ್ಕು ಮಿಲಿಮೀಟರ್ ಎಳೆದು ಉದ್ದುದ್ದ ಮಾಡಿ, ತಲೆಯ ಕೆಳಗೆ ವಾಷರ್ ಹಾಕಿ. ಮಣೆ ಉಸಿರಾಡಿದರೂ ಪಟ್ಟಿ ಅದನ್ನು ಬಾಗಲು ಬಿಡುವುದಿಲ್ಲ.

ಪೆಟ್ಟಿಗೆಯ ತಳ ಸೀಳಿದರೂ ಇದೇ ಕಥೆ. ತಳಕ್ಕೆ ನಾಲ್ಕೂ ಕಡೆ ಅಂಟು ಬಿದ್ದಿರುತ್ತದೆ. ತಳವನ್ನು ಅಂಟಿಸದೆ ಸಡಿಲವಾಗಿ ಕೂರಿಸಬೇಕು. ಗೋಡೆಗಳಲ್ಲಿ ತಳ ಸರಿಯುವಂತೆ ಒಂದು ಕಾಲುವೆ ಕೊರೆದು, ಎಳೆಗೆ ಅಡ್ಡವಾದ ದಿಕ್ಕಿನಲ್ಲಿ ಜಾಗ ಬಿಟ್ಟು, ಬೇಕಾದರೆ ತಳದ ನಡುಮಧ್ಯದಲ್ಲಿ ಮಾತ್ರ ಒಂದು ಹನಿ ಅಂಟು.

ಸ್ಕ್ರೂ ಅಥವಾ ಮೊಳೆಯ ಬುಡದಿಂದ ಹೊರಟ ಸೀಳಿಗೆ ತೇವದ ಲೆಕ್ಕ ಬೇಡ. ಅದು ಮೊದಲು ತೂತು ಕೊರೆಯದ ಅವಸರ. ಜಾಲಿಯಂಥ ಗಟ್ಟಿ ಕಟ್ಟಿಗೆಯಲ್ಲಿ 4 ಮಿ.ಮೀ. ಸ್ಕ್ರೂಗೆ 3 ಮಿ.ಮೀ. ತೂತು, ಮಾವಿಗೆ 2.5 ಸಾಕು.

ಬಾಗಿದ ಹಲಗೆ

ಮೊದಲು ತುದಿಯ ಉಂಗುರ ನೋಡಿ. ಒಣಗುವ ಹಲಗೆಯಲ್ಲಿ ಉಂಗುರಗಳು ನೆಟ್ಟಗಾಗಲು ಹವಣಿಸುತ್ತವೆ. ಆದ್ದರಿಂದ ತೊಗಟೆಯ ಕಡೆಯ ಮೈ ತಗ್ಗಾಗುತ್ತದೆ, ತಿರುಳಿನ ಕಡೆಯದು ಉಬ್ಬುತ್ತದೆ. ನಿಮ್ಮ ಹಲಗೆಯ ತಗ್ಗು ತೊಗಟೆಯ ಕಡೆಗಿದ್ದರೆ ಕೆಲಸಕ್ಕೆ ಕೂತಾಗ ಕಟ್ಟಿಗೆಯೇ ಒಣಗಿರಲಿಲ್ಲ. ತಗ್ಗು ಉಂಗುರದ ಲೆಕ್ಕಕ್ಕೆ ವಿರುದ್ಧವಿದ್ದರೆ, ಹಲಗೆಯ ಎರಡು ಮೈಗೆ ಎರಡು ಬಗೆಯ ಗಾಳಿ ತಾಗಿದೆ: ಮೇಲೆ ಪಾಲಿಶ್ ಹೊಡೆದು ಕೆಳಗೆ ಬರಿದೇ ಬಿಟ್ಟಿದ್ದೀರಿ, ಇಲ್ಲವೇ ಮಳೆಗಾಲದ ತಣ್ಣನೆ ಫರಸಿಯ ಮೇಲೆ ಮಲಗಿಸಿದ್ದೀರಿ.

ಇನ್ನೂ ಸಂಶಯವಿದ್ದರೆ ಹಲಗೆಯನ್ನು ಬೋರಲು ಹಾಕಿ, ಎರಡು ಪಟ್ಟಿಯ ಮೇಲಿಟ್ಟು ಎರಡು ಮೂರು ದಿನ ಬಿಡಿ. ನೆಟ್ಟಗಾಗುವತ್ತ ಬಂದರೆ ಒಂದೇ ಮಗ್ಗುಲಿನ ತೇವ, ಎರಡೂ ಮೈಗೆ ಒಂದೇ ಬಗೆಯ ಪಾಲಿಶ್ ಕೊಟ್ಟರೆ ಮುಗಿಯಿತು. ಅಲುಗಾಡದಿದ್ದರೆ ಅದು ಒಳಗಿನ ಬಾಗು. ತೂಕ ನಿಲ್ಲುವವರೆಗೆ ಕಾದು ಆಮೇಲೆ ರಂದಾ ಹೊಡೆಯಬೇಕು. ಬಾಗಿರುವಾಗಲೇ ರಂದಾ ಹೊಡೆದು ಸಮ ಮಾಡಿದ ಹಲಗೆ ಮುಂದಿನ ತಿಂಗಳು ಇನ್ನೊಂದು ಬಗೆಯಲ್ಲಿ ಬಾಗುತ್ತದೆ, ದಪ್ಪವೂ ಹೋಗಿರುತ್ತದೆ. ಮೇಲೆ ಕಲ್ಲು ಹೇರುವುದರಿಂದ ಒಣಗಿದ ಹಲಗೆ ಸರಿಹೋಗದು, ಕಲ್ಲು ತೆಗೆದ ಮರುದಿನ ಹಳೆಯ ಹಾದಿ.

ಮುಚ್ಚಳ ಬಿಗಿ, ಮುಚ್ಚಳ ಸಡಿಲ

ಬಾಗಲಕೋಟೆಯಲ್ಲಿ ಮೇ ತಿಂಗಳಲ್ಲಿ ಮಾಡಿದ ಪೆಟ್ಟಿಗೆ ಜುಲೈನಲ್ಲಿ ಬೆಳಗಾವಿಯ ನೆಂಟರ ಮನೆಗೆ ಹೋದರೆ ಮುಚ್ಚಳ ತೆರೆಯುವುದಿಲ್ಲ. ನೂರು ಮಿಲಿಮೀಟರ್ ಅಗಲದ ಸಾಗವಾನಿ ಮುಚ್ಚಳ ಹತ್ತು ಅಂಕ ತೇವ ಹೀರಿದರೆ, ಉಂಗುರದ ಗುಂಟ ಕೊಯ್ದದ್ದಾದರೆ ಹತ್ತಿರ ಹತ್ತಿರ 2 ಮಿ.ಮೀ. ಹಿಗ್ಗುತ್ತದೆ, ತಿರುಳಿನಿಂದ ತೊಗಟೆಯತ್ತ ಕೊಯ್ದದ್ದಾದರೆ 1 ಮಿ.ಮೀ. ಉದ್ದಕ್ಕೆ ಲೆಕ್ಕಕ್ಕೇ ಬಾರದಷ್ಟು. ಲೆಕ್ಕ ಹಿಡಿದು ಜಾಗ ಬಿಡಿ: ಬೇಸಿಗೆಯಲ್ಲಿ ಮಾಡುವವರು ಅಗಲಕ್ಕೆ ಅಷ್ಟೂ ಬಿಡಬೇಕು, ಮಳೆಗಾಲದಲ್ಲಿ ಮಾಡುವವರು ಬಿಗಿಯಾಗಿ ಕೂರಿಸಬಹುದು. ಈಗಾಗಲೇ ಬಿಗಿಯಾದ ಮುಚ್ಚಳವನ್ನು ಸವೆಸುವ ಮುಂಚೆ ಪೆಟ್ಟಿಗೆಯನ್ನು ಒಂದು ವಾರ ಅಕ್ಕಿ ಡಬ್ಬಿಯ ಪಕ್ಕದ ಒಣ ಕಪಾಟಿನಲ್ಲಿಟ್ಟು ನೋಡಿ.

ಲೇತಿನಲ್ಲಿ ಕಡೆದ ಕುಂಕುಮದ ಡಬ್ಬಿಯ ತೊಂದರೆ ಇನ್ನೊಂದು: ದುಂಡಗಿದ್ದದ್ದು ಮೊಟ್ಟೆಯಾಕಾರವಾಗುತ್ತದೆ, ಮುಚ್ಚಳ ಒಂದು ದಿಕ್ಕಿನಲ್ಲಿ ಮಾತ್ರ ಕೂರುತ್ತದೆ. ಪರೀಕ್ಷೆಗೆ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ. ಅಲ್ಲಿ ಬಿಗಿಯಾದರೆ ಇದೇ ದೋಷ. ಮದ್ದೆಂದರೆ ಎರಡು ಸಲ ಕಡೆಯುವುದು. ಮೊದಲ ಸಲ ಗೋಡೆಯ ದಪ್ಪ ವ್ಯಾಸದ ಹತ್ತನೇ ಒಂದು ಭಾಗ ಉಳಿಯುವಂತೆ ಒರಟಾಗಿ ಕಡೆದು, ಕಾಗದದ ಚೀಲದಲ್ಲಿ ಅದೇ ಕಟ್ಟಿಗೆಯ ಪುಡಿಯ ಜೊತೆ ತೂಕ ನಿಲ್ಲುವವರೆಗೆ ಇಡಿ. ಆಮೇಲೆ ಕೊನೆಯ ಅಳತೆಗೆ ತನ್ನಿ. 60 ಮಿ.ಮೀ. ಡಬ್ಬಿಗೆ ಮೊದಲು 6 ಮಿ.ಮೀ. ಗೋಡೆ.

ಅಂಟು ಬಿಟ್ಟ ಜಾಗವನ್ನು ಓದಿ

ಬಿಟ್ಟುಕೊಂಡ ಜೋಡಣೆಯನ್ನು ತಕ್ಷಣ ಮತ್ತೆ ಅಂಟಿಸಬೇಡಿ. ಎರಡೂ ಮೈಗಳನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೆ ಅದೇ ಸಾಕ್ಷಿ ಹೇಳುತ್ತದೆ.

ಅಂಟಿನ ಮೇಲೆ ಎದುರಿನ ಕಟ್ಟಿಗೆಯ ಎಳೆಗಳು ಕಿತ್ತು ಬಂದಿದ್ದರೆ ಅಂಟು ಸೋತಿಲ್ಲ, ಕಟ್ಟಿಗೆ ಸೋತಿದೆ. ಜೋಡಣೆಯ ವಿನ್ಯಾಸ ಬದಲಿಸಬೇಕು, ಅಂಟಲ್ಲ. ಒಂದು ಕಡೆ ಮಾತ್ರ ಗಾಜಿನಂತೆ ಹೊಳೆಯುವ ಪೊರೆಯಿದ್ದು ಇನ್ನೊಂದು ಕಡೆ ಬರೀ ಕಟ್ಟಿಗೆ ಇದ್ದರೆ, ಜೋಡಿಸುವ ಮುಂಚೆಯೇ ಅಂಟು ಒಣಗಿತ್ತು. ವಿಜಯಪುರದ ಬೇಸಿಗೆಯಲ್ಲಿ, ಅದರಲ್ಲೂ ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ, ಫೆವಿಕಾಲಿನಂಥ ಬಿಳಿ ಅಂಟು ಮೂರು ನಾಲ್ಕು ನಿಮಿಷದಲ್ಲೇ ಪೊರೆ ಕಟ್ಟುತ್ತದೆ. ಬೆಳಿಗ್ಗೆ ಏಳಕ್ಕೆ ಅಂಟಿನ ಕೆಲಸ ಮುಗಿಸಿ, ಫ್ಯಾನ್ ಆರಿಸಿ, ಕ್ಲ್ಯಾಂಪ್‌ಗಳನ್ನು ಮೊದಲೇ ಅಳತೆಗೆ ತೆರೆದಿಟ್ಟುಕೊಳ್ಳಿ. ಎರಡೂ ಮೈಯಲ್ಲಿ ಅಂಟೇ ಕಾಣದಿದ್ದರೆ ಕ್ಲ್ಯಾಂಪನ್ನು ಅತಿ ಬಿಗಿದು ಎಲ್ಲವನ್ನೂ ಹಿಂಡಿ ಹೊರಹಾಕಿದ್ದೀರಿ, ಇಲ್ಲವೇ ಕೊಯ್ದ ತುದಿ ಅದನ್ನು ಕುಡಿದುಬಿಟ್ಟಿದೆ. ಹತ್ತು ಸೆಂಟಿಮೀಟರ್ ಉದ್ದಗಲದ ಚೌಕಕ್ಕೆ ಸುಮಾರು 2 ಗ್ರಾಂ ಅಂಟು ಬೇಕು. ಬಿಗಿದಾಗ ಅಂಚಿನುದ್ದಕ್ಕೆ ಸಾಸಿವೆಯಂಥ ಹನಿಗಳು ಮೂಡಿದರೆ ಅಷ್ಟೇ ಬಿಗಿ ಸಾಕು. ಅಂಟು ಸುಣ್ಣದಂತೆ ಪುಡಿಪುಡಿಯಾಗಿದ್ದರೆ ನೀರು ಬೆರೆಸಿದ್ದು ಹೆಚ್ಚಾಗಿದೆ ಅಥವಾ ಚಳಿಗಾಲದ ಬೆಳಗಿನ ಕೊರೆತದಲ್ಲಿ ಹಚ್ಚಿದ್ದೀರಿ. ದಪ್ಪಗೆ ರಬ್ಬರಿನಂತಿದ್ದರೆ ಸಂದು ಕೂಡಿರಲಿಲ್ಲ. ಬಿಳಿ ಅಂಟು ಸಂದು ತುಂಬುವ ವಸ್ತುವಲ್ಲ. ಮೂಲೆಮಟ್ಟದ ಗುಣ್ಯಾ ಹಿಡಿದು ಮೂಲೆ ನೋಡಿ, ಎರಡು ಮೈ ಸೇರಿಸಿ ಬೆಳಕಿಗೆ ಹಿಡಿದಾಗ ಬೆಳಕು ತೂರಬಾರದು.

ಚಿತ್ರದ ಚೌಕಟ್ಟಿನಂತೆ ಮೂಲೆ ಓರೆ ಕೊಯ್ದು ಕೂಡಿಸುವ ಪೆಟ್ಟಿಗೆಗಳು ಬಿಡುವುದು ಬಹುಪಾಲು ಕೊಯ್ದ ತುದಿ ಅಂಟು ಕುಡಿಯುವುದರಿಂದ. ಮೊದಲು ತೆಳ್ಳಗೆ ಒಂದು ಕೈ ಬಳಿದು ಐದು ನಿಮಿಷ ಬಿಟ್ಟು, ಮೇಲೆ ಇನ್ನೊಂದು ಕೈ ಬಳಿದು ಕೂಡಿಸಿ. ಒಣಗಿದ ಮೇಲೆ ಮೂಲೆಗೆ ಅಡ್ಡವಾಗಿ ಗರಗಸದ ಕೊಯ್ತ ಕೊಟ್ಟು ತೆಳು ಪಟ್ಟಿ ಸೇರಿಸಿದರೆ ಆ ಮೂಲೆ ಬಿಡದು.

ಸಾಗವಾನಿಯ ಮೈಯಲ್ಲಿ ಸಹಜ ಎಣ್ಣೆಯಿದೆ. ಕೊಯ್ದು ವಾರವಾದ ಮೈಗೆ ಅಂಟು ಹಿಡಿಯದಿದ್ದರೆ ಆಶ್ಚರ್ಯವಿಲ್ಲ. ಅಂಟಿಸುವ ದಿನವೇ ರಂದಾದಿಂದ ಹೊಸ ಮೈ ತೆಗೆಯಿರಿ, ಇಲ್ಲವೇ ಥಿನ್ನರ್ ಅದ್ದಿದ ಬಟ್ಟೆಯಿಂದ ಬಟ್ಟೆಗೆ ಹಳದಿ ಹತ್ತುವುದು ನಿಲ್ಲುವ ತನಕ ಒರೆಸಿ, ಆರಿದ ತಕ್ಷಣ ಅಂಟು ಹಚ್ಚಿ. ಅರ್ಧ ಗಂಟೆ ಕ್ಲ್ಯಾಂಪಿನಲ್ಲಿದ್ದರೆ ಸಾಕೆಂದು ತೆಗೆದರೂ 24 ಗಂಟೆ ಅದರ ಮೇಲೆ ಭಾರ ಹಾಕಬೇಡಿ. ಕಡಗೋಲಿನಂತೆ ಮಜ್ಜಿಗೆಯಲ್ಲಿ ಮುಳುಗುವ ಸಾಮಾನಿಗೆ ಅಂಟಿನ ಮಾತೇ ಬೇಡ. ಕೋಲಿನ ತುದಿಯನ್ನು ಸೀಳಿ, ಕೆಳಗಿನ ಗುಂಡಿನ ತೂತಿನಲ್ಲಿ ಕೂರಿಸಿ, ಗಟ್ಟಿ ಒಣ ಜಾಲಿಯ ಬೆಣೆ ಹೊಡೆಯಿರಿ. ಬೆಣೆ ಗುಂಡಿನ ಎಳೆಗೆ ಅಡ್ಡವಾಗಿರಬೇಕು, ಗುಂಟ ಹೊಡೆದರೆ ಗುಂಡೇ ಸೀಳುತ್ತದೆ.

ಎಣ್ಣೆ ಹಚ್ಚಿದ ಸೌಟು ಅಂಟಂಟು

ಇದು ನಮ್ಮ ಸೀಮೆಯದೇ ದೋಷ, ಏಕೆಂದರೆ ಅಡುಗೆಮನೆಯಲ್ಲಿ ಕೈಗೆ ಮೊದಲು ಸಿಗುವುದು ಶೇಂಗಾ ಎಣ್ಣೆ. ಶೇಂಗಾ ಎಣ್ಣೆ ಎಷ್ಟು ದಿನವಾದರೂ ಒಣಗುವುದಿಲ್ಲ, ಧೂಳು ಹಿಡಿಯುತ್ತದೆ, ಕಮಟು ವಾಸನೆ ಬರುತ್ತದೆ. ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುವ ಎಣ್ಣೆ ಬೇಕು, ಅದಕ್ಕೆ ಅಗಸೆ ಎಣ್ಣೆಯಂಥದ್ದಿಲ್ಲ. ಕುಸುಬೆ ಎಣ್ಣೆಯೂ ಒಣಗುತ್ತದೆ, ನಿಧಾನ. ಆದರೆ ತಿಳಿಬಣ್ಣದ ಕಟ್ಟಿಗೆಯನ್ನು ಅಷ್ಟು ಹಳದಿ ಮಾಡುವುದಿಲ್ಲ. ಎರಡೂ ನಮ್ಮ ಎರೆಹೊಲದ ಬೆಳೆಗಳೇ, ಗಾಣದಲ್ಲಿ ಸಿಗುತ್ತವೆ. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆಗೆ ಬೇಗ ಒಣಗಲು ಲೋಹದ ಲವಣ ಬೆರೆಸಿರುತ್ತಾರೆ, ಅದು ಬಾಯಿಗೆ ತಾಗುವ ಸಾಮಾನಿಗಲ್ಲ.

ಅಂಟಂಟಾದ ಸೌಟನ್ನು ಮೂಸಿ, ಉಗುರಿನಿಂದ ಕೆರೆಯಿರಿ. ಕಮಟು ವಾಸನೆ ಬಂದು ಉಗುರಿಗೆ ಜಿಡ್ಡು ಹತ್ತಿದರೆ ಒಣಗದ ಎಣ್ಣೆ: ಬಿಸಿನೀರು, ಅಡುಗೆ ಸೋಡಾ, ನಾರಿನಿಂದ ಎರಡು ಮೂರು ಸಲ ತಿಕ್ಕಿ, ನೆರಳಲ್ಲಿ ಒಣಗಿಸಿ ಮತ್ತೆ ಶುರುಮಾಡಿ. ಕೆರೆದಾಗ ಹಾಲಿನ ಕೆನೆಯಂತೆ ಸುಕ್ಕಾದ ಪೊರೆ ಎದ್ದರೆ ಎಣ್ಣೆ ಸರಿಯಾದದ್ದೇ, ಹಚ್ಚಿದ್ದು ದಪ್ಪ. ಮೇಲ್ಪದರ ಗಟ್ಟಿಯಾಗಿ ಒಳಗೆ ಗಾಳಿ ಹೋಗದೆ ನಿಂತಿದೆ. ಪೊರೆಯನ್ನು ಕೆರೆದು ತೆಗೆಯಬೇಕು. ಸರಿಯಾದ ಕ್ರಮದಲ್ಲಿ ಎಣ್ಣೆಯನ್ನು ಧಾರಾಳ ಹಚ್ಚಿ, 15–20 ನಿಮಿಷ ಕುಡಿಯಲು ಬಿಟ್ಟು, ಆಮೇಲೆ ಹಚ್ಚಿಯೇ ಇಲ್ಲವೇನೋ ಅನ್ನುವಷ್ಟು ಒಣಬಟ್ಟೆಯಿಂದ ಒರೆಸಬೇಕು. ಕೈಗೆ ಹತ್ತದಂತಾದ ಮೇಲೆ ಎರಡನೆಯ ಕೈ, ಹಾಗೇ ಮೂರನೆಯದು. ಬೇಸಿಗೆಯಲ್ಲಿ ಒಂದು ಕೈಗೆ ಕೆಲವು ದಿನ ಸಾಕು, ಬೆಳಗಾವಿಯ ಮಳೆಗಾಲದಲ್ಲಿ ಅದೇ ಕೈ ವಾರಗಟ್ಟಲೆ ಹಿಡಿಯುತ್ತದೆ. ಅವಸರಪಟ್ಟು ಮೇಲೆ ಮೇಲೆ ಬಳಿದರೆ ಮತ್ತೆ ಅಂಟು.

ಒರೆಸಿದ ಬಟ್ಟೆಯ ವಿಷಯದಲ್ಲಿ ಮಾತ್ರ ಸಲುಗೆ ಬೇಡ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಮುದ್ದೆಮಾಡಿ ಮೂಲೆಗೆಸೆದ ಬಟ್ಟೆಯಲ್ಲಿ ಆ ಶಾಖ ಹೊರಹೋಗದೆ, ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳುತ್ತದೆ. ಕಟ್ಟಿಗೆ ಪುಡಿ ತುಂಬಿದ ಪತ್ರಾಸಿನ ಶೆಡ್ಡಿನಲ್ಲಿ ಅದರ ಪರಿಣಾಮ ಹೇಳಬೇಕಿಲ್ಲ. ಬಟ್ಟೆಯನ್ನು ಹೊರಗೆ ಒಂಟಿ ಪದರವಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಚಪಡಾ ಪಾಲಿಶ್ ಬೆಳ್ಳಗಾದರೆ

ಮಳೆಗಾಲದಲ್ಲಿ ಸ್ಪಿರಿಟ್ ಪಾಲಿಶ್, ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಚಪಡಾ (ಅರಗಿನ ಹಕ್ಕಳೆ), ಹಚ್ಚಿದ ಹತ್ತು ನಿಮಿಷಕ್ಕೆ ಮಂಜು ಕವಿದಂತೆ ಬಿಳುಪು ಮೂಡುತ್ತದೆ. ಸ್ಪಿರಿಟ್ ಆವಿಯಾಗುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಳಿದು ಪದರದಲ್ಲಿ ಸಿಕ್ಕಿಕೊಂಡಿರುತ್ತದೆ. ಕೆರೆಯಬೇಡಿ. ಬಿಸಿಲು ಬಿದ್ದ ದಿನ ಮಧ್ಯಾಹ್ನ, ಶುದ್ಧ ಸ್ಪಿರಿಟ್ ತುಸುವೇ ಅದ್ದಿದ ಬಟ್ಟೆಯ ಗಂಟನ್ನು ಒಂದೇ ಸಲ ಹಗುರಾಗಿ ಎಳೆಯಿರಿ, ಬಿಳುಪು ಹೋಗುತ್ತದೆ. ಹೋಗದಿದ್ದರೆ ಸ್ಪಿರಿಟ್ಟಿನಲ್ಲೇ ನೀರಿದೆ, ಬಾಯಿ ಮುಚ್ಚದೆ ಇಟ್ಟ ಬಾಟಲಿ ಗಾಳಿಯಿಂದ ನೀರು ಹೀರುತ್ತದೆ.

ದಿನವಾದರೂ ಬೆರಳಿಗೆ ಹತ್ತುವ ಪಾಲಿಶ್ ಹಳೆಯದು. ಕರಗಿಸಿದ ಚಪಡಾ ಆರು ತಿಂಗಳು ದಾಟಿದರೆ ಗಟ್ಟಿಯಾಗುವ ಗುಣ ಕಳೆದುಕೊಳ್ಳತೊಡಗುತ್ತದೆ. ಹಚ್ಚುವ ಮುಂಚೆ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಉಗುರು ಊರಿದರೆ ಗುರುತು ಬೀಳಬಾರದು. ಒಂದು ಲೀಟರ್ ಸ್ಪಿರಿಟ್‌ಗೆ 200 ಗ್ರಾಂ ಚಪಡಾ ಸಣ್ಣ ಸಾಮಾನಿಗೆ ಸರಿಯಾದ ಹದ. ಬಾಟಲಿಯ ಮೇಲೆ ಕರಗಿಸಿದ ತಾರೀಖು ಬರೆದಿಡಿ.

ಕಪ್ಪು ಕಲೆ, ಗೀರು, ಕಿತ್ತ ಎಳೆ

ಜಾಲಿ, ಸಾಗವಾನಿಗಳ ಮೇಲೆ ನೀಲಿಗಪ್ಪು ಕಲೆ ಬಿದ್ದರೆ ಬೂಸ್ಟೆಂದು ತಿಳಿಯಬೇಡಿ. ಒದ್ದೆ ಕಬ್ಬಿಣ ತಾಗಿದೆ. ಜಾಲಿಯ ತೊಗಟೆಯಲ್ಲಿ, ಕಾಯಿಯಲ್ಲಿ ಚರ್ಮ ಹದಮಾಡುವಷ್ಟು ಒಗರಿದೆ, ಕಟ್ಟಿಗೆಯಲ್ಲೂ ಇದೆ. ಒಗರು, ಕಬ್ಬಿಣ, ನೀರು ಸೇರಿದರೆ ಶಾಯಿಯೇ. ಹಗುರ ಕಲೆಗೆ ನಿಂಬೆರಸ ಉಜ್ಜಿ ತೊಳೆಯಿರಿ. ಹೋಗದಿದ್ದರೆ ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ, ಪ್ಲಾಸ್ಟಿಕ್ ಪಾತ್ರೆಯಲ್ಲಿ. ಅದು ವಿಷ: ಕೈಗವಸು ಹಾಕಿ, ಆಮೇಲೆ ಎರಡು ಮೂರು ನೀರಿನಲ್ಲಿ ತೊಳೆಯಿರಿ, ಅಡುಗೆ ಸಾಮಾನಿಗೆ ಬಳಸಬೇಡಿ. ಇಂಥ ಕಟ್ಟಿಗೆಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಈ ಕಷ್ಟವೇ ಇಲ್ಲ.

ಪಾಲಿಶ್ ಹಚ್ಚಿದ ಮೇಲೆ ಗೀರು ಕಂಡರೆ ನಡುವಿನ ನಂಬರಿನ ಸ್ಯಾಂಡ್‌ಪೇಪರ್ ಹಾರಿಸಿದ್ದೀರಿ. 80, 120, 180, 240 ಎಂದು ಕ್ರಮವಾಗಿ ಬನ್ನಿ, ಉಜ್ಜುವುದು ಎಳೆಯ ಗುಂಟ. ರಂದಾ ಎಳೆ ಕಿತ್ತರೆ ಹಲಗೆ ತಿರುಗಿಸಿ ಹೊಡೆಯಿರಿ. ಬೇವಿನಂತೆ ಎಳೆ ಹೆಣೆದುಕೊಂಡ ಕಟ್ಟಿಗೆ ಎರಡೂ ಕಡೆ ಕೀಳುತ್ತದೆ, ಆಗ ಬ್ಲೇಡ್ ಮಸೆದು ಕೂದಲಿನಷ್ಟು ತೆಳ್ಳಗೆ ತೆಗೆಯಬೇಕು. ಸಾಗವಾನಿಯಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ, ತಪ್ಪು ನಿಮ್ಮ ಸಾಣೆಯದಲ್ಲ. ತೂತಿನ ಹಿಂಬದಿ ಸಿಬಿರೆದ್ದರೆ ಕೆಳಗೊಂದು ರದ್ದಿ ಹಲಗೆ ಕೊಡಿ.

ಹಿಟ್ಟಿನಂಥ ಪುಡಿ

ಕಪಾಟಿನಲ್ಲಿಟ್ಟ ಗೊಂಬೆಯ ಕೆಳಗೆ ಜೋಳದ ಹಿಟ್ಟಿನಂಥ ನುಣ್ಣನೆ ಪುಡಿ, ಮೈಯಲ್ಲಿ ಒಂದೆರಡು ಮಿಲಿಮೀಟರಿನ ತೂತು ಕಂಡರೆ ಅದು ಕೊರೆಹುಳು, ಗೆದ್ದಲಲ್ಲ. ಗೆದ್ದಲು ಮಣ್ಣು ತರುತ್ತದೆ. ಈ ಹುಳಕ್ಕೆ ಬೇಕಾದದ್ದು ಮರದ ಹೊರಗಿನ ಬಿಳಿ ಭಾಗದ ಪಿಷ್ಟ, ಒಳಗಿನ ಗಟ್ಟಿ ಚೇಗನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಗುರ ಬಿಳಿ ಕಟ್ಟಿಗೆಯ ಗೊಂಬೆಗಳಲ್ಲಿ, ಮಾವಿನ ಸಾಮಾನಿನಲ್ಲಿ ಇದು ಹೆಚ್ಚು.

ತೂತು ಹಳೆಯದೋ ಹೊಸದೋ ತಿಳಿಯಲು ಪುಡಿ ಒರೆಸಿ, ಸಾಮಾನನ್ನು ಕಪ್ಪು ಕಾಗದದ ಮೇಲೆ ಎರಡು ವಾರ ಇಡಿ. ಹೊಸ ಪುಡಿ ಬೀಳದಿದ್ದರೆ ಹುಳ ಹೋಗಿರಬಹುದು, ಆದರೂ ಮುಂದಿನ ಮಳೆಗಾಲದವರೆಗೆ ಬೇರೆಯೇ ಇಡಿ. ಬಿದ್ದರೆ ಶಾಖವೇ ಸರಳ ಮದ್ದು. ರಫ್ತಿನ ಕಟ್ಟಿಗೆ ಪೆಟ್ಟಿಗೆಗಳಿಗೆ ಇರುವ ಅಂತರರಾಷ್ಟ್ರೀಯ ನಿಯಮ, ಕಟ್ಟಿಗೆಯ ಒಳಗು 56 ಡಿಗ್ರಿಗೇರಿ 30 ನಿಮಿಷ ನಿಲ್ಲಬೇಕೆನ್ನುತ್ತದೆ. ಮನೆಯ ಓವನ್ನಿನಲ್ಲಿ 60–65 ಡಿಗ್ರಿಯಲ್ಲಿ ಒಂದಂಗುಲ ದಪ್ಪದ ಸಾಮಾನನ್ನು ಮೂರು ಗಂಟೆ ಇಟ್ಟರೆ ಶಾಖ ಒಳಗಿನವರೆಗೆ ಮುಟ್ಟುತ್ತದೆ. ಬಣ್ಣ, ಚಪಡಾ, ಅಂಟು ಇರುವ ಗೊಂಬೆಗೆ ಈ ಶಾಖ ಆಗದು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ, ಇಲ್ಲವಾದರೆ ತಣ್ಣನೆ ಮೈಗೆ ನೀರು ಕೂತು ಬಣ್ಣ ಏಳುತ್ತದೆ. ಹಳೆಯ ಪದ್ಧತಿಯಂತೆ ಹುಣಸೆ ಬೀಜದ ಅಂಟಿಗೆ ಮೈಲುತುತ್ತ ಬೆರೆಸುವವರು ಈಗಲೂ ಇದ್ದಾರೆ. ಅಂಟಿಗೆ ಬೂಸ್ಟು ಬರದಿರುವುದು ನಿಜ, ಆದರೆ ಮಕ್ಕಳು ಬಾಯಿಗಿಡುವ ಗೊಂಬೆಗೆ ಅದು ಬೇಡ. ಅದರ ಬದಲು ಅಂಟನ್ನು ದಿನದಿನಕ್ಕೆ ಬೇಕಾದಷ್ಟೇ ಕಾಯಿಸಿಕೊಂಡು, ಉಳಿದದ್ದನ್ನು ಚೆಲ್ಲಿ.